ನಿಮ್ಮ ಸೀರಿಯಲ್ ಪೋರ್ಟ್ ಲೇಖನದ ಬಗ್ಗೆ

ನಮಸ್ಕಾರ. ಸಿ ಭಾಷೆಯಲ್ಲಿ ಸೀರಿಯಲ್ ಪೋರ್ಟ್ (ಡಿವೈಸ್ ಜೊತೆ ಒಂದೊಂದೇ ಬಿಟ್ ಆಗಿ ಡೇಟಾ ಕಳಿಸಿ ಪಡೆಯೋ ಕನೆಕ್ಷನ್) ಪ್ರೋಗ್ರಾಮಿಂಗ್ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದ್ದೆ, ಲಿನಕ್ಸ್‌ನಲ್ಲಿ ಕೋಡ್ ಕಂಪೈಲ್ ಮಾಡಿ ಓಡಿಸಿನೂ ನೋಡ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ನೀವು ತಿದ್ದಿ ಮತ್ತೆ ಕಳಿಸ್ಬೇಕು ಅಂತ ನಂಗೆ ನಿಜವಾಗ್ಲೂ ಆಸೆ ಇದೆ.

ಮೊದಲ ಒಂದೂವರೆ ಪುಟ ಸೀರಿಯಲ್ ಪೋರ್ಟಿನ ಸ್ಟ್ಯಾಂಡರ್ಡ್ ಆದ ಆರ್‌ಎಸ್-232 ಇತಿಹಾಸ, 1960ರಿಂದ ಶುರು ಮಾಡಿ 25 ಪಿನ್, 9 ಪಿನ್ ಕನೆಕ್ಟರ್ ವಿವರ ಎಲ್ಲಾ. ತೆಗೀರಿ. ಓದೋರು ಡಿವೈಸ್ ಮುಂದೆ ಇಟ್ಕೊಂಡು ಡೇಟಾ ಯಾಕೆ ಬರ್ತಿಲ್ಲ ಅಂತ ತಲೆ ಕೆಡಿಸ್ಕೊಂಡು ಕೂತಿರ್ತಾರೆ.

ಅಸಲಿ ತೊಂದ್ರೆ ರೀಡ್ ಫಂಕ್ಷನ್ ಹತ್ರ. ಒಂದ್ಸಲ ಕರೆದ್ರೆ ಪೂರ್ತಿ ಮೆಸೇಜ್ ಬಂದ್ಬಿಡುತ್ತೆ ಅನ್ನೋ ಹಾಗೆ ಬರೆದಿದೀರ. 9600 ಬಾಡ್‌ನಲ್ಲಿ, ಅಂದ್ರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂದು ಬೈಟ್‌ಗೆ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ 10 ಬಿಟ್, ಅಂದ್ರೆ ಸೆಕೆಂಡಿಗೆ 960 ಬೈಟ್ ಅಷ್ಟೇ, ಹಾಗಾಗಿ 20 ಬೈಟ್‌ನ ಮೆಸೇಜ್ ಬರೋಕೆ ಸುಮಾರು 21 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ರೀಡ್ 3 ಬೈಟ್ ಕೊಟ್ಟು ವಾಪಸ್ ಬಂದಿರ್ಬಹುದು. ನಿಮ್ಮ ಕೋಡ್ ನಡೀತಿರೋದು ರೀಡ್‌ಗೆ ಮುಂಚೆ ಹಾಕಿರೋ, ಒಂದು ಸೆಕೆಂಡ್ ಕಾಯಿಸೋ ಸ್ಲೀಪ್‌ನಿಂದ. ಆ ಸಾಲು ತೆಗೆದೆ, ಮೆಸೇಜ್ ಚೂರುಚೂರಾಗಿ ಬಂತು. ಬಂದಷ್ಟನ್ನ ತಾತ್ಕಾಲಿಕ ಜಾಗವಾದ ಬಫರ್‌ಗೆ ಸೇರಿಸ್ತಾ ಹೋಗಿ ಕೊನೆ ಗುರುತು ಸಿಕ್ಕಾಗ ಮಾತ್ರ ಮೆಸೇಜ್ ಅಂತ ತಗೊಳ್ಳೋ ಲೂಪ್ ಬೇಕು, ಲೇಖನದ ಜೀವ ಅದೇ, ಅದನ್ನ ನಿಧಾನವಾಗಿ ಬರೀರಿ.

ರೀಡ್ ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಳೋ ವಿಟೈಮ್ 5 ಅಂದ್ರೆ 5 ಸೆಕೆಂಡ್ ಅಂದಿದೀರ, ತಪ್ಪು. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಅಂದ್ರೆ ಅರ್ಧ ಸೆಕೆಂಡ್. ಜೊತೆಗೆ ಕನಿಷ್ಠ ಎಷ್ಟು ಬೈಟ್ ಬರ್ಬೇಕು ಅಂತ ಹೇಳೋ ವಿಮಿನ್ 1 ಇಟ್ಟಿದೀರ, ಆಗ ಟೈಮರ್ ಶುರುವಾಗೋದೇ ಮೊದಲ ಬೈಟ್ ಬಂದ್ಮೇಲೆ, ಡಿವೈಸ್ ಸುಮ್ನಿದ್ರೆ ಪ್ರೋಗ್ರಾಂ ಅಲ್ಲೇ ಕಾಯ್ತಾ ನಿಂತ್ಬಿಡುತ್ತೆ. ವಿಮಿನ್ 0 ಮಾಡಿ ನೋಡಿ.

ಇನ್ನೊಂದು, "ಕೆಲವು ಸಲ ಡೇಟಾ ಕೆಡಬಹುದು, ಕೇಬಲ್ ಚೆಕ್ ಮಾಡಿ" ಅಂತ ಒಂದು ಸಾಲು ಇದೆ. ಇದೇ ನಂಬ್ಕೊಂಡು ನಾನೊಮ್ಮೆ ಮೂರು ದಿನ ಕೇಬಲ್ ಬದಲಾಯಿಸ್ತಾ ಕೂತಿದ್ದೆ! ಸೆನ್ಸರ್ ಕಳಿಸೋ ಬೈಟ್ 13 ಆದಾಗ ಮಾತ್ರ 10 ಅಂತ ಬರ್ತಿತ್ತು, 17 ಮತ್ತೆ 19 ಬರ್ತಾನೇ ಇರ್ಲಿಲ್ಲ. ಕಾರಣ ಪೋರ್ಟಿನ ಇನ್‌ಪುಟ್ ಸೆಟ್ಟಿಂಗ್‌ಗಳು, ಅಂದ್ರೆ ಫ್ಲ್ಯಾಗ್‌ಗಳು: ಐಸಿಆರ್‌ಎನ್‌ಎಲ್ ಫ್ಲ್ಯಾಗ್ 13ನ್ನ 10 ಮಾಡ್ತಿತ್ತು, ಐಎಕ್ಸ್‌ಆನ್ ಉಳಿದೆರಡನ್ನ ಫ್ಲೋ ಕಂಟ್ರೋಲ್ (ಕಳಿಸೋದನ್ನ ನಿಲ್ಲಿಸು, ಮುಂದುವರಿಸು ಅನ್ನೋ ಸೂಚನೆ) ಅಂತ ತಿಳ್ಕೊಂಡು ನುಂಗ್ತಿತ್ತು. ನೀವು ಸಾಲು ಪೂರ್ತಿಯಾಗೋವರೆಗೆ ಕಾಯಿಸೋ ಐಕ್ಯಾನನ್, ಬಂದಿದ್ದನ್ನ ವಾಪಸ್ ಕಳಿಸೋ ಎಕೋ ಆಫ್ ಮಾಡಿದೀರ, ಸರಿ, ಆದ್ರೆ ಇನ್‌ಪುಟ್ ಫ್ಲ್ಯಾಗ್‌ಗಳನ್ನ ಮುಟ್ಟೇ ಇಲ್ಲ. ಉದಾಹರಣೆಯಲ್ಲಿ ಬರೀ ಅಕ್ಷರಗಳೇ ಇರೋದ್ರಿಂದ ನಿಮಗೆ ಗೊತ್ತಾಗಿಲ್ಲ, ಬೈನರಿ ಡೇಟಾ ಕಳಿಸಿದವರಿಗೆ ಗೊತ್ತಾಗುತ್ತೆ.

ಅಕ್ಷರಗಳು ಎಲ್ಲಿ ಮುಗೀತು ಅಂತ ತಿಳಿಸೋ ಸೊನ್ನೆನ ಬಫರ್ ಕೊನೆಗೆ ಹಾಕದೇ ಪ್ರಿಂಟ್‌ಎಫ್‌ಗೆ ಕೊಟ್ಟಿರೋದನ್ನೂ ಸರಿಮಾಡಿ.

ಕೊನೇ ಪುಟದಲ್ಲಿ, ಎರಡೂ ಕಡೆ ಡೇಟಾ ಕಳಿಸೋ ಪಿನ್ ಆದ ಟಿಎಕ್ಸ್‌ಗೆ ಟಿಎಕ್ಸನ್ನೇ ಜೋಡಿಸಿ ಒಂದು ಸಂಜೆಯೆಲ್ಲಾ ಏನೂ ಬರದೇ ಕಾದ ಕಥೆ ಬರೆದಿದೀರಲ್ಲ, ಅದು ತುಂಬಾ ಚೆನ್ನಾಗಿದೆ, ಅಲ್ಲಿ ನಿಮ್ಮ ಸ್ವಂತ ದನಿ ಕೇಳುತ್ತೆ. ಲೇಖನ ಅಲ್ಲಿಂದಲೇ ಶುರು ಮಾಡಿ, ಸ್ಲೀಪ್ ಇಲ್ಲದ ಕೋಡ್ ಜೊತೆ ಮತ್ತೆ ಕಳಿಸಿ, ಖಂಡಿತ ಓದ್ತೀನಿ.