ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕೋಲಾರದ ಕೆರೆಗೆ ಬಿಡ್ತಿರೋದು ಒಳ್ಳೇದಾ ಕೆಟ್ಟದ್ದಾ?

ನಮ್ಮೂರು ಕೋಲಾರ ತಾಲ್ಲೂಕು, ನನ್ನ ರೂಮು ಬೆಳ್ಳಂದೂರು ಕಡೆ. ಅಂದ್ರೆ ನಾನಿಲ್ಲಿ ಬೆಳಿಗ್ಗೆ ಫ್ಲಶ್ ಮಾಡಿದ್ದು ಸುತ್ತಿ ಬಳಸಿ ನಮ್ಮೂರ ಕೆರೆಗೇ ಹೋಗುತ್ತೆ ಅಂತ ಫ್ರೆಂಡ್ಸ್ ರೇಗಿಸ್ತಾರೆ, ನಗ್ತೀನಿ, ಸುಳ್ಳೇನಲ್ವಲ್ಲ.

ಈ ನೀರು ಬರೋಕ್ ಮುಂಚೆ ಹೆಂಗಿತ್ತು ಅಂದ್ರೆ, ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಅನ್ನೋದೇ ಇಲ್ಲ, ಇರೋದು ಹಳೇ ಕಾಲದವರು ಕಟ್ಟಿಸಿದ ಕೆರೆಗಳು, ಅದರಲ್ಲೂ ನಮ್ಮೂರ ಕೆರೆ ತುಂಬಾ ಜಾಲಿ ಬೆಳೆದು ನಾವು ಅಲ್ಲೇ ಕ್ರಿಕೆಟ್ ಆಡ್ತಿದ್ವಿ. ಅಪ್ಪ ಮೂರು ಬೋರ್ ಹಾಕ್ಸಿದ್ರು, ಕೊನೇದು 1300 ಅಡಿ, ಬಂದಿದ್ದು ಬರೀ ಬಿಳಿ ಧೂಳು. ಆ ಸಾಲ ತೀರಿಸೋಕೇ ನಾನು ಬೆಂಗಳೂರಿಗೆ ಬಂದಿದ್ದು ಅನ್ನಿ.

ಕೆಸಿ ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ, ಈ ಯೋಜನೆ ಹೆಸರೂ ಅದೇ) ನೀರು ಶುರುವಾಗಿದ್ದು 2018 ಜೂನ್‌ನಲ್ಲಿ. ಪ್ಲಾನ್ ಪ್ರಕಾರ ದಿನಕ್ಕೆ 440 ಎಂಎಲ್‌ಡಿ, ಅಂದ್ರೆ 44 ಕೋಟಿ ಲೀಟರ್. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಅದು ಕೋಡಿ ಹರಿದ್ರೆ ಮುಂದಿನ ಕೆರೆ, ಹಂಗೇ ಸಾಲಾಗಿ. ಮುಂದಿನ ತಿಂಗಳೇ ಅಲ್ಲಿ ನೊರೆ ಬಂತು, ಥೇಟ್ ನಮ್ಮ ಬೆಳ್ಳಂದೂರು ಕೆರೆ ಥರ. ಜನ ಕೋರ್ಟಿಗೆ ಹೋದ್ರು, ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಕಡೆ ಸ್ಟೇ ಬಂದು ಆಮೇಲೆ ತೆರವಾಯ್ತು.

ನಮ್ಮೂರ ಕೆರೆ ಕೋಡಿ ಬಿದ್ದ ದಿನ ನಾನೂ ಊರಲ್ಲಿದ್ದೆ. ತಮಟೆ, ಪೂಜೆ, ಹೆಂಗಸರೆಲ್ಲ ಬಾಗಿನ ತಗೊಂಡು ಏರಿ ಮೇಲೆ. ಅಜ್ಜೀನೂ ಮೊರ ಬಿಟ್ಟು ಕೈ ಮುಗಿದ್ಲು, ಆದ್ರೆ ಯಾವತ್ತೂ ಗಂಗಮ್ಮನ ನೀರು ತಲೆಗೆ ಚಿಮುಕಿಸಿಕೊಳ್ಳೋಳು ಅವತ್ತು ಚಿಮುಕಿಸಿಕೊಳ್ಳಲಿಲ್ಲ. ಯಾಕಜ್ಜಿ ಅಂದೆ, ಸುಮ್ನೆ ನಡಿಯೋ ಅಂದ್ಲು.

ಲಾಭ ಆಗಿಲ್ಲ ಅಂದ್ರೆ ಸುಳ್ಳು ಹೇಳ್ದಂಗೆ. ಸತ್ತಿದ್ದ ನಮ್ಮ ಎರಡನೇ ಬೋರಲ್ಲಿ ಈಗ ಎರಡಿಂಚು ನೀರಿದೆ, ಅಪ್ಪ ಟೊಮೇಟೊ ಜೊತೆಗೆ ಹಿಪ್ಪುನೇರಳೆನೂ ಇಟ್ಟಿದಾರೆ. ನನ್ನ ತಕರಾರು ಬೇರೆ. ಈ ನೀರಿಗೆ ಮಾಡೋದು ಎರಡೇ ಹಂತದ ಟ್ರೀಟ್‌ಮೆಂಟ್: ಮೊದಲು ಕಸ, ಮಡ್ಡಿ ತೆಗೀತಾರೆ, ಆಮೇಲೆ ಗಾಳಿ ಹಾಯಿಸಿ ಬ್ಯಾಕ್ಟೀರಿಯಾ ಕೈಲಿ ಕೊಳೆ ತಿನ್ನಿಸ್ತಾರೆ. ಮಲಮೂತ್ರ, ಸೋಪಿನ ಪುಡಿಯಿಂದ ಬರೋ ರಂಜಕ, ಸಾರಜನಕ ಎಲ್ಲ ಪೂರ್ತಿ ಹೋಗ್ಬೇಕಂದ್ರೆ ಮೂರನೇ ಹಂತ ಬೇಕು. ಅದಿಲ್ದೆ ಬಿಟ್ರೆ ಅದೇ ಗೊಬ್ಬರ ಆಗಿ ನೀರ ಮೇಲೆ ಅಂತರಗಂಗೆ ಕಳೆ ಬೆಳೆಯುತ್ತೆ. ನಾವು ಹೋರಾಟದಲ್ಲಿ ಕೇಳಿದ್ದೂ ಅದನ್ನೇ, ನೀರು ಬೇಡ ಅಂತ ಯಾರಂದ್ರು? ಬೆಂಗಳೂರಿಗೆ ಮಾತ್ರ ಸುಮಾರು 100 ಕಿಮೀ ದೂರದಿಂದ ಕಾವೇರಿ ಪಂಪ್ ಮಾಡ್ಕೊಂಡು ತರೋಕೆ ದುಡ್ಡಿರುತ್ತೆ, ಅದೇ ನೀರು ಬಳಸಿ ನಮ್ಕಡೆ ಕಳಿಸ್ವಾಗ ಇನ್ನೊಂದು ಹಂತಕ್ಕೆ ದುಡ್ಡಿರಲ್ಲ.

ನಮ್ಕಡೆ ಜಮೀನು ತಗೋಬೇಕು ಅಂತಿದ್ರೆ ಧಾರಾಳವಾಗಿ ತಗೊಳ್ಳಿ, ಆದ್ರೆ ಬೋರ್ ನೀರು ಒಂದ್ಸಲ ಟೆಸ್ಟ್ ಮಾಡಿಸಿ. ನಮ್ಮನೇಲಿ ಆ ನೀರು ತೋಟಕ್ಕೆ, ದನಕ್ಕೆ. ಕುಡಿಯೋಕೆ ಮಾತ್ರ ಈಗಲೂ ಅಪ್ಪ ಟಿವಿಎಸ್‌ನಲ್ಲಿ ಫಿಲ್ಟರ್ ಘಟಕಕ್ಕೆ ಹೋಗಿ ಕ್ಯಾನ್ ತುಂಬಿಸ್ಕೊಂಡ್ ಬರ್ತಾರೆ, ಅದೂ ತುಂಬಿದ ಕೆರೆ ಏರಿ ಮೇಲೇ.