ಓದುಗರ ಪ್ರಶ್ನೆ: ಸಾಲ ಕೊಟ್ಟವರು ನದಿ ನೋಡಿದ್ದರಾ?

ಪ್ರಶ್ನೆ: ಬಾಂಗ್ಲಾದೇಶದಲ್ಲಿ ಸುಂದರಬನದ ಪಕ್ಕ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಲು ನಮ್ಮ ಸರ್ಕಾರದ ಬ್ಯಾಂಕ್ ಸಾಲ ಕೊಟ್ಟಿದೆ ಎಂದು ಓದಿದೆ. ನಿಜವಾ? ಅಲ್ಲಿನ ಹುಲಿ, ಡಾಲ್ಫಿನ್‌ಗಳಿಗೆ ತೊಂದರೆಯಾದರೆ ಸಾಲ ಕೊಟ್ಟವರಿಗೆ ಹೊಣೆ ಇಲ್ಲವಾ? ನೀವು ಬ್ಯಾಂಕಿನಲ್ಲಿದ್ದವರು, ಅದಕ್ಕೇ ಕೇಳುತ್ತಿದ್ದೇನೆ.
— ಕಾಲೇಜು ವಿದ್ಯಾರ್ಥಿನಿ, ಕಾಪು

ಉತ್ತರ: ನಿಜ. ಜಾಗದ ಹೆಸರು ರಾಮ್‌ಪಾಲ್. ಪೊಶುರ್ ನದಿಯ ದಡದಲ್ಲಿ 1320 ಮೆಗಾವ್ಯಾಟ್ ಸ್ಥಾವರ. ಅಲ್ಲಿಂದ ಕಾಡಿನ ಅಂಚಿಗೆ ಸುಮಾರು 14 ಕಿಲೋಮೀಟರ್. ನಮ್ಮ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿಗೂ ಬಾಂಗ್ಲಾದ ವಿದ್ಯುತ್ ಮಂಡಳಿಗೂ ಅರ್ಧರ್ಧ ಪಾಲು. ಕಟ್ಟಿದ್ದು ನಮ್ಮದೇ ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್. 160 ಕೋಟಿ ಡಾಲರ್ ಸಾಲ ಕೊಟ್ಟದ್ದು ರಫ್ತು-ಆಮದಿಗೆ ಸಾಲ ಕೊಡುವ ಭಾರತದ ಎಕ್ಸಿಮ್ ಬ್ಯಾಂಕ್. ಅದು ಪೂರ್ತಿ ಕೇಂದ್ರ ಸರ್ಕಾರದ್ದು.

ಸಾಲ ಹೋಗುವುದು ಅಲ್ಲಿನ ಕಂಪನಿಯ ಹೆಸರಿಗೆ, ಆರ್ಡರ್ ಬರುವುದು ನಮ್ಮ ಕಂಪನಿಗೆ. ರಫ್ತು ಹೆಚ್ಚಲಿ ಎಂದೇ ಈ ಏರ್ಪಾಡು. ಅದರಲ್ಲಿ ತಪ್ಪಿಲ್ಲ. ಮಂಗಳೂರಿನಲ್ಲಿ ನಾನೂ ಗೇರುಬೀಜದ ಫ್ಯಾಕ್ಟರಿಗಳ ರಫ್ತು ಸಾಲದ ಫೈಲು ನೋಡಿದವನು. ಆದರೆ ಇಲ್ಲಿ ಲಾಭ ಒಂದು ದೇಶಕ್ಕೆ, ಹೊಗೆ ಇನ್ನೊಂದಕ್ಕೆ. ನನಗೆ ಕಳವಳ ಆಗುವುದು ಅಲ್ಲೇ.

ಮಲ್ಪೆಯಿಂದ ಬೋಟ್ ಸಾಲದ ಅರ್ಜಿ ಬಂದರೆ ನಾವು ಬಂದರಿಗೆ ಹೋಗಿ ನೋಡಿಯೇ ಬರುತ್ತಿದ್ದೆವು. ಎಂಜಿನ್ ನಂಬರ್ ಬರೆದುಕೊಂಡು, ವಿಮೆ ಕಾಗದ ನೋಡಿ, ಬೋಟ್ ನಡೆಸುವ ತಾಂಡೇಲನ ಹತ್ತಿರ ಎರಡು ಮಾತಾಡಿ ಬರುವುದು. ಆ ತನಿಖಾ ವರದಿಯ ಫಾರ್ಮಿನಲ್ಲಿ ಬೋಟಿನ ಬಗ್ಗೆ, ಜಾಮೀನುದಾರರ ಬಗ್ಗೆ ಎಲ್ಲ ಇತ್ತು. ಕಡಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಾಲ ಕೊಡುವವರು ಮರುಪಾವತಿಯನ್ನು ನೋಡುತ್ತಾರೆ, ಸಾಲದಿಂದ ಏನು ಹಾಳಾಗಬಹುದು ಎಂದು ನೋಡುವುದು ಕಡಿಮೆ.

ಈಗ ಆ ನದಿಯ ವಿಷಯ. ಸ್ಥಾವರಕ್ಕೆ ಕಲ್ಲಿದ್ದಲು ಬರುವುದು ಹಡಗಿನಲ್ಲಿ, ಸುಂದರಬನದ ನಡುವೆ ಹಾದು. ದೊಡ್ಡ ಹಡಗು ನದಿಯಲ್ಲಿ ಪೂರ್ತಿ ಮೇಲೆ ಬರಲಾರದು. ನಡುದಾರಿಯಲ್ಲೇ ಸಣ್ಣ ಹಡಗುಗಳಿಗೆ ತುಂಬಿಸಬೇಕು. ಕಲ್ಲಿದ್ದಲು ಇಳಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಕ್ರೇನಿನ ಗ್ರ್ಯಾಬ್ (ಕಲ್ಲಿದ್ದಲು ಎತ್ತುವ ಕಬ್ಬಿಣದ ಬುಟ್ಟಿ) ಬಾಯಿ ಬಿಟ್ಟಾಗ ಎಷ್ಟು ಧೂಳು ಏಳುತ್ತದೆ ಅಂತ. ಅಲ್ಲಿ ಅದರ ಕೆಳಗಿರುವುದು ಇರಾವಡಿ ಡಾಲ್ಫಿನ್, ಗಂಗಾ ಡಾಲ್ಫಿನ್. ಎರಡೂ ಅಳಿವಿನಂಚಿನವು. ಕೆಸರು ನೀರಿನಲ್ಲಿ ಕಣ್ಣಿಗಿಂತ ಜಾಸ್ತಿ ಶಬ್ದವನ್ನೇ ನಂಬಿ ಮೀನು ಹುಡುಕುವ ಪ್ರಾಣಿಗಳು. ಪ್ರೊಪೆಲರ್ ಸದ್ದು ಹೆಚ್ಚಿದರೆ ಅವಕ್ಕೆ ದಾರಿಯೂ ಕಷ್ಟ, ಊಟವೂ ಕಷ್ಟ.

2014ರ ಡಿಸೆಂಬರಿನಲ್ಲಿ ಅಲ್ಲಿಯ ಶೇಲಾ ನದಿಯಲ್ಲಿ, ಡಾಲ್ಫಿನ್ ಅಭಯಾರಣ್ಯದೊಳಗೇ, ಒಂದು ಟ್ಯಾಂಕರ್ ಮುಳುಗಿತು. ರಾಮ್‌ಪಾಲ್‌ಗೂ ಆ ಟ್ಯಾಂಕರಿಗೂ ಸಂಬಂಧವಿಲ್ಲ. ಆದರೆ 3.5 ಲಕ್ಷ ಲೀಟರ್‌ನಷ್ಟು ಫರ್ನೇಸ್ ಎಣ್ಣೆ ಸೋರಿತು. ಊರಿನವರು, ಮಕ್ಕಳೂ ಸೇರಿ, ಪಾತ್ರೆ ಹಿಡಿದು ಬರಿಗೈಯಲ್ಲಿ ಎಣ್ಣೆ ಬಳಿದರು. ಆ ನೀರಿನಲ್ಲಿ ಹಡಗು ಹೆಚ್ಚಿಸಿದರೆ ಏನಾಗಬಹುದು ಎಂದು ಆಗಲೇ ಗೊತ್ತಾಗಿತ್ತು.

2016ರಲ್ಲಿ ಯುನೆಸ್ಕೋದ ತಂಡ ಯೋಜನೆ ಕೈಬಿಟ್ಟು ಬೇರೆ ಕಡೆ ಮಾಡಿ ಎಂದು ವರದಿ ಕೊಟ್ಟಿತು. ಎಕ್ಸಿಮ್ ಸಾಲದ ಒಪ್ಪಂದಕ್ಕೆ ಸಹಿ ಬಿದ್ದದ್ದು 2017ರಲ್ಲಿ. ಅದೇ ವರ್ಷ ನಾರ್ವೆ ಸರ್ಕಾರದ ಪಿಂಚಣಿ ನಿಧಿ, ಇದೇ ಯೋಜನೆಯ ಕಾರಣಕ್ಕೆ, ಬಿಎಚ್‌ಇಎಲ್ ಷೇರು ಬೇಡ ಎಂದು ತನ್ನ ಪಟ್ಟಿಯಿಂದ ತೆಗೆಯಿತು. ಬಾಂಗ್ಲಾಕ್ಕೆ ಕರೆಂಟ್ ಬೇಡವಾ? ಖಂಡಿತ ಬೇಕು. ಜಾಗ ಇದೇ ಆಗಬೇಕಿತ್ತಾ ಎಂಬುದೇ ಪ್ರಶ್ನೆ. ಅದನ್ನು ಗಟ್ಟಿಯಾಗಿ ಕೇಳಬಹುದಾಗಿದ್ದವರು ದುಡ್ಡು ಕೊಡುವವರು. ಹೊಣೆ ಇದೆ ಎಂದೇ ನನ್ನ ಉತ್ತರ.

ಪ್ರಶ್ನೆ: ಇಂಥದ್ದಕ್ಕೆ ಅಮೆರಿಕದಲ್ಲಿ ಕೋರ್ಟಿಗೆ ಹೋಗಿದ್ದರಂತೆ. ಗೆದ್ದರಾ? ನಾವೇನು ಮಾಡಬಹುದು?
— ಓದುಗರು, ಸುರತ್ಕಲ್

ಉತ್ತರ: ಗೆಲ್ಲಲಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಪಕ್ಕ ಕರ್ಟಿಸ್ ದ್ವೀಪದಲ್ಲಿ ಗ್ಯಾಸ್ ದ್ರವ ಮಾಡುವ ಎರಡು ಘಟಕಗಳಿಗೆ ಅಮೆರಿಕದ ಎಕ್ಸಿಮ್ ಬ್ಯಾಂಕ್ 2012ರಲ್ಲಿ ಸಾಲ ಮಂಜೂರು ಮಾಡಿತ್ತು. ಕಡಲ ಹಸು (ಡುಗಾಂಗ್), ಆಮೆಗಳಿಗೆ ಏನಾಗುತ್ತದೆ ಎಂದು ಸರಿಯಾಗಿ ಪರಿಶೀಲಿಸಿಲ್ಲ ಎಂದು ಪರಿಸರ ಸಂಘಟನೆಗಳು ದಾವೆ ಹೂಡಿದವು. 2018ರಲ್ಲಿ ಮೇಲ್ಮನವಿ ಕೋರ್ಟು, ಕೆಲಸ ಬಹುಪಾಲು ಮುಗಿದಿದೆ, ಈಗ ಪರಿಶೀಲನೆ ಮಾಡಿಸಿದರೂ ನೀವು ಹೇಳುವ ನಷ್ಟ ತಪ್ಪುವುದಿಲ್ಲ ಎಂಬ ರೀತಿಯಲ್ಲಿ ತೀರ್ಪು ಕೊಟ್ಟಿತು. ಬ್ಯಾಂಕಿನವನಾಗಿ ನನಗೆ ಅದರಿಂದ ಕಾಣುವುದು ಇಷ್ಟು: ಸಾಲ ಬಟವಾಡೆ ಆದ ಮೇಲೆ ಕೇಳಿ ಪ್ರಯೋಜನ ಕಡಿಮೆ. ಮಂಜೂರಾತಿಗೆ ಮೊದಲೇ ಕೇಳಬೇಕು.

ನಮ್ಮ ಎಕ್ಸಿಮ್ ಬ್ಯಾಂಕ್ ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) ಕೆಳಗೆ ಬರುತ್ತದೆ. ಕೇಂದ್ರದ ಆನ್‌ಲೈನ್ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿದರೆ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಸುಮ್ನೆ 'ಮಾಹಿತಿ ಕೊಡಿ' ಎಂದು ಬರೆಯಬೇಡಿ. ಯೋಜನೆಯ ಹೆಸರು ಹಾಕಿ, ಸಾಲದ ಪರಿಸರ ಷರತ್ತುಗಳು ಏನು, ಸ್ಥಳ ಪರಿಶೀಲನೆ ಯಾವಾಗ ಆಯಿತು, ಅದರ ವರದಿಯ ಪ್ರತಿ ಬೇಕು, ಹೀಗೆ ಒಂದೊಂದಾಗಿ ಕೇಳಿ. ವ್ಯಾಪಾರದ ಗುಟ್ಟು ಎಂದು ಸೆಕ್ಷನ್ 8(1)(ಡಿ) ತೋರಿಸಿ ನಿರಾಕರಿಸಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂದು ಅದೇ ಸೆಕ್ಷನ್‌ನಲ್ಲಿದೆ. ಆ ಮಾತನ್ನು ಎತ್ತಿ ಬರೆದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಶುಲ್ಕ ಇಲ್ಲ.