ವಿಯೆಟ್ನಾಂನಲ್ಲಿ ಯುದ್ಧದ ಜಾಗಗಳನ್ನು ನೋಡಬೇಕೆ? ನೋಡುವುದಾದರೆ ಯಾವುದನ್ನು?

ನೀವು ಕೇಳಿರುವುದು ಇಷ್ಟು: ಏಪ್ರಿಲ್‌ನಲ್ಲಿ ಹತ್ತು ದಿನ ವಿಯೆಟ್ನಾಂ, ಜೊತೆಗೆ ಹೆಂಡತಿ, 72 ವರ್ಷದ ಅಪ್ಪ, ಒಂಬತ್ತು ವರ್ಷದ ಮಗಳು. ಕಾಲೇಜಿನ ಕಾಲದಲ್ಲಿ ದಿನಾ ಪೇಪರಿನಲ್ಲಿ ಆ ಯುದ್ಧದ ಸುದ್ದಿ ಓದಿದ ಅಪ್ಪನಿಗೆ ಆ ಜಾಗಗಳನ್ನೆಲ್ಲ ಕಣ್ಣಾರೆ ನೋಡುವ ಆಸೆ. ಮಗಳು ಹೆದರಿಕೊಂಡಾಳು ಎಂಬ ಚಿಂತೆ ನಿಮಗೆ. ಅಲ್ಲಿನವರ ಹತ್ತಿರ ಯುದ್ಧದ ಮಾತು ಎತ್ತಬಹುದೋ ಬಾರದೋ ಎಂಬ ಅನುಮಾನ ಬೇರೆ. ಟೂರ್ ಕಂಪನಿಯವರು ಕೊಟ್ಟ ಪಟ್ಟಿಯಲ್ಲಿ ಸೈಗಾನಿನ (ಈಗಿನ ಹೋ ಚಿ ಮಿನ್ ನಗರ) ಯುದ್ಧ ಮ್ಯೂಸಿಯಂ, ಅದರ ಹತ್ತಿರದ ಕು ಚಿ ಸುರಂಗ, ಹನೋಯಿಯ ಹಳೇ ಜೈಲು ಇವೆ ಅಂದಿದ್ದೀರಿ.

ನಾನು ಕೆಲಸದ ಮೇಲೆ ಕೆಲಕಾಲ ದೇಶದ ನಡುಭಾಗದ ದಾ ನಾಂಗ್‌ನಲ್ಲಿದ್ದೆ. ಊರಿನಿಂದ ಬಂದ ನೆಂಟರಿಷ್ಟರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಹಾಗಾಗಿ ಸುತ್ತಿಬಳಸದೆ ಹೇಳಿಬಿಡುತ್ತೇನೆ: ಪಟ್ಟಿಯಿಂದ ಕು ಚಿ ತೆಗೆದುಹಾಕಿ. ಆ ದಿನವನ್ನು ದೇಶದ ನಡುಭಾಗದ ಕ್ವಾಂಗ್ ಟ್ರಿ ಪ್ರಾಂತ್ಯಕ್ಕೆ ಕೊಡಿ.

ಕು ಚಿ ಸುಳ್ಳು ಜಾಗ ಅಂತಲ್ಲ. ಗೆರಿಲ್ಲಾ ಹೋರಾಟಗಾರರು ಅವಿತುಕೊಳ್ಳುತ್ತಿದ್ದ 200 ಕಿ.ಮೀ.ಗೂ ಉದ್ದದ ಸುರಂಗಜಾಲ ಅಲ್ಲಿದ್ದದ್ದು ನಿಜ, ಅದರೊಳಗೆ ಬದುಕಿದವರು, ಸತ್ತವರು ಇದ್ದದ್ದೂ ನಿಜ. ಆದರೆ ಬಸ್ಸುಗಳು ಹೋಗುವ ಬೆನ್ ದಿನ್ ಭಾಗದಲ್ಲಿ ಈಗ ನಡೆಯುವುದು ಬೇರೆಯೇ. ಪ್ರವಾಸಿಗರಿಗಾಗಿ ಅಗಲ ಮಾಡಿದ ಸುರಂಗದಲ್ಲಿ ತೆವಳುವುದು, ನೆಲದ ಬಾಗಿಲಿನಿಂದ ತಲೆ ಹೊರಗೆ ಹಾಕಿ ಫೋಟೋ ತೆಗೆಸಿಕೊಳ್ಳುವುದು, ಆಮೇಲೆ ಗುಂಡಿಗಿಷ್ಟು ಅಂತ ದುಡ್ಡು ಕೊಟ್ಟು ಎಕೆ-47 ಹಾರಿಸುವುದು. ನಮ್ಮ ಕಡೆಯ ಗುಂಪುಗಳಂತೂ ಅಲ್ಲಿಗೆ ಹೋದರೆ ಬಂದೂಕಿನ ರೀಲ್ ಮಾಡದೆ ಬರುವುದೇ ಇಲ್ಲ. ಸಾವಿರಾರು ಜನ ಸತ್ತ ನೆಲದಲ್ಲಿ ಆ ಢಂ ಢಂ ಸದ್ದು ಕೇಳಿಕೊಂಡು ಅಪ್ಪನನ್ನು ನಿಲ್ಲಿಸುವುದು ಬೇಡ. ಅವರ ಮಂಡಿಗೂ ಆ ಸುರಂಗ ಆಗಿಬರುವುದಿಲ್ಲ. ಸೈಗಾನಿಂದ ಆಚೆ ಹೋಗಲಾಗದು, ಕು ಚಿಯೇ ಆಗಬೇಕು ಅಂತಾದರೆ ಇನ್ನಷ್ಟು ದೂರದ ಬೆನ್ ಡುವಾಕ್ ಭಾಗಕ್ಕೆ ಹೋಗಿ. ಅಲ್ಲಿ ಜನ ಕಡಿಮೆ. ಸತ್ತವರ ಹೆಸರು ಕೆತ್ತಿರುವ ಸ್ಮಾರಕ ಮಂದಿರ ಒಂದಿದೆ, 40,000ಕ್ಕೂ ಹೆಚ್ಚು ಹೆಸರುಗಳು.

ಈಗ ಕ್ವಾಂಗ್ ಟ್ರಿ. 1954ರ ಜಿನೀವಾ ಒಪ್ಪಂದ ದೇಶವನ್ನು ಕಮ್ಯುನಿಸ್ಟರ ಉತ್ತರ, ಅಮೆರಿಕ ಬೆನ್ನಿಗೆ ನಿಂತ ದಕ್ಷಿಣ ಅಂತ ಎರಡು ಮಾಡಿದಾಗ ಗಡಿ ಬಿದ್ದದ್ದು ಇಲ್ಲೇ, 17ನೇ ಅಕ್ಷಾಂಶದ ಹತ್ತಿರ ಹರಿಯುವ ಬೆನ್ ಹಾಯ್ ಎಂಬ ಸಣ್ಣ ಹೊಳೆಯ ಉದ್ದಕ್ಕೆ. ಎರಡು ವರ್ಷದಲ್ಲಿ ಚುನಾವಣೆ ನಡೆಸಿ ದೇಶ ಒಂದು ಮಾಡುವುದು ಅಂತ ಮಾತಾಗಿತ್ತು, 1956ರಲ್ಲಿ ನಡೆಯಬೇಕಿದ್ದ ಆ ಚುನಾವಣೆ ನಡೆಯಲೇ ಇಲ್ಲ. ಹೊಳೆಗೆ ಅಡ್ಡಲಾಗಿರುವ ಹಿಯೆನ್ ಲುವಾಂಗ್ ಸೇತುವೆಯನ್ನು ಅರ್ಧಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು ಬಣ್ಣ ಬಳಿದು ಇಟ್ಟಿದ್ದಾರೆ. ಎರಡೂ ದಡದಲ್ಲಿ ದೈತ್ಯ ಧ್ವನಿವರ್ಧಕ ಕಟ್ಟಿ ಒಬ್ಬರ ಮೇಲೊಬ್ಬರು ಪ್ರಚಾರ ಕೂಗುತ್ತಿದ್ದರು. ಇವರ ಧ್ವಜಕಂಬಕ್ಕಿಂತ ಅವರದ್ದು ಎತ್ತರ, ಅವರದ್ದಕ್ಕಿಂತ ಇವರದ್ದು ಎತ್ತರ ಅಂತ ಪೈಪೋಟಿ ನಡೆದಿತ್ತು. ಅಪ್ಪನಿಗೆ ಇಲ್ಲಿ ಒಂದು ವಿಷಯ ಹೇಳಿ: ಒಪ್ಪಂದದ ಉಸ್ತುವಾರಿಗೆ ನೇಮಿಸಿದ್ದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಸದಸ್ಯರು. ನಮ್ಮ ಸೇನಾಧಿಕಾರಿಗಳೂ ರಾಜತಾಂತ್ರಿಕರೂ ಹನೋಯಿ, ಸೈಗಾನ್ ಎರಡೂ ಕಡೆ ವರ್ಷಗಟ್ಟಲೆ ಕೂತಿದ್ದರು. ಎರಡೂ ಕಡೆಯವರ ದೂರು ಬರೆದುಕೊಳ್ಳುವುದಕ್ಕಿಂತ ಹೆಚ್ಚೇನೂ ಮಾಡಲಾಗಲಿಲ್ಲ ಅನ್ನುವುದು ಬೇರೆ ಮಾತು.

ಸೇತುವೆಯಿಂದ ಕಡಲಿನ ಕಡೆ ಹೋದರೆ ವಿನ್ ಮೋಕ್. ಅಮೆರಿಕದ ಬಾಂಬಿನ ಮಳೆ ತಡೆಯಲಾಗದೆ ಇಡೀ ಹಳ್ಳಿಯೇ ನೆಲದೊಳಗೆ ಇಳಿದ ಜಾಗ ಇದು. ಕೆಂಪು ಮಣ್ಣಿನಲ್ಲಿ ಮೂರು ಅಂತಸ್ತು ಕೊರೆದು, ಅತಿ ಆಳದ್ದು 20 ಮೀಟರಿಗೂ ಕೆಳಗೆ, ಒಂದೊಂದು ಸಂಸಾರಕ್ಕೆ ಒಂದೊಂದು ಗೂಡು ಮಾಡಿದ್ದಾರೆ. ಬಾವಿ ಇದೆ, ಸಭೆ ಸೇರುವ ಕೋಣೆ ಇದೆ, ಹೆರಿಗೆ ಕೋಣೆ ಇದೆ. ಆ ಕತ್ತಲಲ್ಲಿ 17 ಮಕ್ಕಳು ಹುಟ್ಟಿವೆ. ನಿಮ್ಮ ಮಗಳಿಗೆ ಯುದ್ಧ ಅಂದರೇನು ಅಂತ ಹೇಳಿಕೊಡಲು ಇದಕ್ಕಿಂತ ಸರಿಯಾದ ಜಾಗ ಆ ದೇಶದಲ್ಲಿ ನನಗೆ ಗೊತ್ತಿಲ್ಲ. ಹೆಣ ಇಲ್ಲ, ರಕ್ತದ ಫೋಟೋ ಇಲ್ಲ, ಅಷ್ಟಗಲ ಗೂಡಿನಲ್ಲಿ ಮಲಗುತ್ತಿದ್ದ ಅವಳ ವಯಸ್ಸಿನ ಮಕ್ಕಳ ಕತೆ ಇದೆ. ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರ ರೆಡಿ ಇಟ್ಟುಕೊಳ್ಳಿ, ಶೌಚಕ್ಕೆ ಎಲ್ಲಿಗೆ ಹೋಗುತ್ತಿದ್ದರು ಅನ್ನುವುದರಿಂದಲೇ ಶುರುವಾಗುತ್ತೆ. ಇಲ್ಲಿ ಹೆಚ್ಚು ಕಡೆ ತಲೆ ಬಗ್ಗಿಸಿದರೆ ಸಾಕು, ತೆವಳಬೇಕಿಲ್ಲ. ಮೆಟ್ಟಿಲು ಮಾತ್ರ ಒದ್ದೆ ಇರುತ್ತೆ, ಅಪ್ಪ ಚಪ್ಪಲಿ ಬಿಟ್ಟು ಶೂ ಹಾಕಲಿ.

ಕ್ವಾಂಗ್ ಟ್ರಿ ಪಟ್ಟಣದ ಕೋಟೆಯಲ್ಲಿ ನೋಡಲು ಹೆಚ್ಚೇನೂ ಇಲ್ಲ. ಹುಲ್ಲು, ಮರ, ಒಂದು ದಿಬ್ಬದಂಥ ಸ್ಮಾರಕ. 1972ರ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ 81 ದಿನ ಉತ್ತರ, ದಕ್ಷಿಣದ ಸೇನೆಗಳು ಈ ಕೋಟೆಗಾಗಿ ಕಾದಾಡಿದವು. ಅದು ಮುಗಿಯುವಾಗ ಪಟ್ಟಣವೇ ಇರಲಿಲ್ಲ. ಸತ್ತವರಲ್ಲಿ ಓದು ಅರ್ಧಕ್ಕೆ ಬಿಟ್ಟು ಬಂದ ಕಾಲೇಜು ಹುಡುಗರು ಬೇಕಾದಷ್ಟಿದ್ದರು, ಅಂದರೆ ಆಗ ನಿಮ್ಮ ಅಪ್ಪನ ವಯಸ್ಸಿನವರು. ಎಷ್ಟೋ ಜನರ ಎಲುಬು ಇನ್ನೂ ಆ ಹುಲ್ಲಿನ ಕೆಳಗಿದೆ ಅಂತ ಅಲ್ಲಿಗೆ ಬರುವ ವಿಯೆಟ್ನಾಮಿಗಳು ಮೆಲ್ಲಗೆ ಹೆಜ್ಜೆ ಇಡುತ್ತಾರೆ, ಊದುಬತ್ತಿ ಹಚ್ಚುತ್ತಾರೆ. ಹತ್ತಿರದಲ್ಲೇ ಬೋ ದೇ ಅನ್ನುವ ಶಾಲೆಯ ಗೋಡೆಗಳನ್ನು ಗುಂಡಿನ ತೂತುಗಳ ಸಮೇತ ಹಾಗೇ ಉಳಿಸಿದ್ದಾರೆ. ಸಮಯ ಉಳಿದರೆ ಟ್ರುವಾಂಗ್ ಸನ್ ಸ್ಮಶಾನ, 10,000ಕ್ಕೂ ಹೆಚ್ಚು ಸೈನಿಕರ ಸಮಾಧಿ. ಖೇ ಸಾನ್‌ಗೆ ಹೋಗಲು ಅಪ್ಪ ಹಟ ಹಿಡಿಯಬಹುದು, 1968ರಲ್ಲಿ ಮುತ್ತಿಗೆಗೆ ಸಿಕ್ಕ ಅಮೆರಿಕದ ಸೇನಾನೆಲೆ ಅದು, ಆ ಹೆಸರು ಅವರ ತಲೆಮಾರಿಗೆ ಬಾಯಿಪಾಠ. ಆದರೆ ಒಂದೇ ದಿನದಲ್ಲಿ ಮಗು ಕರೆದುಕೊಂಡು ಅದನ್ನೂ ಸೇರಿಸಬೇಡಿ, ಸುಸ್ತಾಗುತ್ತೆ.

ಈ ಪ್ರಾಂತ್ಯದಲ್ಲಿ ಒಂದು ನಿಯಮ ಮಾತ್ರ ಮೀರಲೇಬಾರದು: ಕಾಲುದಾರಿ ಬಿಟ್ಟು ಆಚೆ ಹೋಗಬಾರದು, ನೆಲದಲ್ಲಿ ಕಂಡ ಲೋಹದ ಚೂರು ಮುಟ್ಟಬಾರದು. 1975ರ ನಂತರ, ಅಂದರೆ ಯುದ್ಧ ಮುಗಿದ ಮೇಲೆ, ಸಿಡಿಯದೆ ಉಳಿದಿದ್ದ ಬಾಂಬುಗಳಿಂದ ಕ್ವಾಂಗ್ ಟ್ರಿಯಲ್ಲಿ ಸತ್ತವರು ಮತ್ತು ಗಾಯಗೊಂಡವರು 8,000ಕ್ಕೂ ಹೆಚ್ಚು. ಗಾಳಿಯಲ್ಲಿ ಒಡೆದು ಚೆಲ್ಲುವ ಕ್ಲಸ್ಟರ್ ಬಾಂಬಿನ ಮರಿಗಳು ಮಕ್ಕಳ ಚೆಂಡಿನಷ್ಟೇ ಇರುತ್ತವೆ. ಡಾಂಗ್ ಹಾ ಪಟ್ಟಣದಲ್ಲಿ ಪ್ರಾಜೆಕ್ಟ್ ರಿನ್ಯೂ ಎಂಬ ಸಂಸ್ಥೆ ಈ ಬಾಂಬುಗಳನ್ನು ಹುಡುಕಿ ತೆಗೆಯುವ ಕೆಲಸ ಮಾಡುತ್ತದೆ. ಅವರದೊಂದು ಪುಟ್ಟ ಪ್ರದರ್ಶನ ಕೇಂದ್ರ ಇತ್ತು, ಶಾಲಾ ಮಕ್ಕಳಿಗೆಂದೇ ಮಾಡಿದ್ದು. ಹೋಗುವ ಮೊದಲು ತೆರೆದಿದೆಯೇ ಎಂದು ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ಸೈಗಾನಿನ ಮ್ಯೂಸಿಯಂ ಅಂಗಳದ ಟ್ಯಾಂಕ್, ಹೆಲಿಕಾಪ್ಟರ್‌ಗಳಿಗಿಂತ ಇದನ್ನು ನೋಡುವುದು ಮುಖ್ಯ.

ಇದಕ್ಕೆಲ್ಲ ಹಳೇ ರಾಜಧಾನಿ ಹುವೆಯಲ್ಲಿ ಉಳಿದು ಬೆಳಿಗ್ಗೆ ಬೇಗ ಕಾರು ಮಾಡಿಕೊಂಡು ಹೊರಡುವುದು ಸರಿ. ವಿನ್ ಮೋಕ್ ಸುಮಾರು 100 ಕಿ.ಮೀ. ದಾ ನಾಂಗ್‌ನಿಂದ ಹುವೆಗೆ ರೈಲಿನಲ್ಲೇ ಹೋಗಿ. ಹಾಯ್ ವಾನ್ ಘಟ್ಟದ ಅಂಚಿನಲ್ಲಿ ಕಡಲು ನೋಡುತ್ತಾ ಮೂರು ಗಂಟೆಯ ದಾರಿ, ಮಗಳು ಕಿಟಕಿ ಬಿಡುವುದಿಲ್ಲ. ಹುವೆಯ ಅರಮನೆ, 1968ರಲ್ಲಿ ಟೆಟ್ ಎಂಬ ಹೊಸವರ್ಷದ ಹಬ್ಬದ ಹೊತ್ತಿಗೆ ಕಮ್ಯುನಿಸ್ಟರು ನಡೆಸಿದ ದಾಳಿಯ ಕಾದಾಟದಲ್ಲಿ ಬಹುಪಾಲು ನೆಲಸಮವಾಗಿತ್ತು, ಈಗ ಒಂದೊಂದೇ ಕಟ್ಟಡ ಎಬ್ಬಿಸುತ್ತಿದ್ದಾರೆ. ಥಿಯೆನ್ ಮು ಪಗೋಡಾದ ಹಿಂಭಾಗದಲ್ಲಿ ತಿಳಿನೀಲಿ ಆಸ್ಟಿನ್ ಕಾರೊಂದಿದೆ. 1963ರ ಜೂನ್ 11ರಂದು ಸರ್ಕಾರ ಬೌದ್ಧರಿಗೆ ಕೊಡುತ್ತಿದ್ದ ಕಿರುಕುಳ ಪ್ರತಿಭಟಿಸಿ ಬೌದ್ಧ ಭಿಕ್ಷು ಥಿಕ್ ಕ್ವಾಂಗ್ ಡುಕ್ ಸೈಗಾನಿನ ನಡುರಸ್ತೆಯಲ್ಲಿ ಬೆಂಕಿ ಹಚ್ಚಿಕೊಂಡರಲ್ಲ, ಅಲ್ಲಿಗೆ ಅವರು ಬಂದಿಳಿದ ಕಾರು. ಆ ಫೋಟೋ ನಿಮ್ಮ ಅಪ್ಪನಿಗೆ ಖಂಡಿತ ನೆನಪಿರುತ್ತೆ.

ದಾ ನಾಂಗ್ ಹತ್ತಿರದ ಮೀ ಸನ್ ಬಿಡಬೇಡಿ. ಈ ನಡುನಾಡನ್ನು ಹಿಂದೆ ಆಳಿದ ಚಂಪಾ ರಾಜರು ಕಟ್ಟಿದ ಶಿವ ದೇವಾಲಯಗಳ ಗುಂಪು ಅದು, ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಸ್ಥಾಪಿಸಿದ ಭದ್ರೇಶ್ವರನ ಕ್ಷೇತ್ರ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಅಲ್ಲಿನ ಅತಿ ಭವ್ಯ ಗೋಪುರವೇ ಉರುಳಿತು. ಗುಡಿಗಳ ನಡುವಿನ ಹೊಂಡಗಳು ಬಾಂಬಿನವು. 2017ರಿಂದ ಕೆಲವು ವರ್ಷ ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ಎ, ಎಚ್, ಕೆ ಎಂಬ ಮೂರು ಗುಂಪಿನ ಗುಡಿಗಳನ್ನು ದುರಸ್ತಿ ಮಾಡಿದರು. 2020ರಲ್ಲಿ ಮಣ್ಣು ತೆಗೆಯುವಾಗ ಒಂಬತ್ತನೇ ಶತಮಾನದ ಏಕಶಿಲಾ ಶಿವಲಿಂಗ ಸಿಕ್ಕಿದ್ದು ಆ ಕೆಲಸದಲ್ಲೇ. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಆ ಲಿಂಗದ ಫೋಟೋ ಓಡಾಡಿದಷ್ಟು, ಪಕ್ಕದ ಬಾಂಬ್ ಹೊಂಡದ ಫೋಟೋ ಓಡಾಡಲಿಲ್ಲ. ಎರಡನ್ನೂ ನೋಡಿ.

ಅದರ ಹೆಸರು ತಿರುವಿದಂತಿರುವ ಸನ್ ಮೀ ಬೇರೆ ಜಾಗ, ಕಾರು ಗೊತ್ತು ಮಾಡುವಾಗ ಎಚ್ಚರ. ದಾ ನಾಂಗ್‌ನಿಂದ ದಕ್ಷಿಣಕ್ಕೆ ಕ್ವಾಂಗ್ ಙಾಯ್ ಹತ್ತಿರ ಇದೆ, ಜಗತ್ತಿಗೆ ಮೀ ಲಾಯ್ ಅಂತ ಪರಿಚಿತ. 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಹಳ್ಳಿಯವರನ್ನು ಕೊಂದರು, ಸ್ಮಾರಕದಲ್ಲಿರುವ ಹೆಸರುಗಳು 504, ಅದರಲ್ಲಿ ಹಸುಗೂಸುಗಳೂ ಇವೆ. ಹ್ಯೂ ಥಾಂಪ್ಸನ್ ಎಂಬ ಅಮೆರಿಕನ್ ಪೈಲಟ್ ತನ್ನ ಹೆಲಿಕಾಪ್ಟರನ್ನು ಹಳ್ಳಿಗರಿಗೂ ತನ್ನದೇ ಸೈನಿಕರಿಗೂ ನಡುವೆ ಇಳಿಸಿ ಕೆಲವರನ್ನು ಉಳಿಸಿದ. ಅಪ್ಪನಿಗೆ ಹೋಗಬೇಕೆನಿಸಿದರೆ ಅವರೊಬ್ಬರನ್ನೇ ನೀವು ಕರೆದೊಯ್ಯಿರಿ, ಮಗಳು ಅಮ್ಮನ ಜೊತೆ ದಾ ನಾಂಗ್ ಹತ್ತಿರದ ಹಳೇ ಪಟ್ಟಣ ಹೋಯ್ ಆನ್‌ನಲ್ಲಿ ಲಾಂದ್ರ ನೋಡಿಕೊಂಡಿರಲಿ.

ಸೈಗಾನಿನ ಯುದ್ಧ ಮ್ಯೂಸಿಯಂಗೂ ಇದೇ ಮಾತು. ಅಪ್ಪ ನೋಡಲೇಬೇಕು. ಯುದ್ಧದಲ್ಲಿ ಸತ್ತ ಪತ್ರಿಕಾ ಛಾಯಾಗ್ರಾಹಕರು ತೆಗೆದ ಚಿತ್ರಗಳ ವಿಭಾಗ ಒಂದೇ ಸಾಕು ಹೋಗಿದ್ದಕ್ಕೆ. ಆದರೆ ಏಜೆಂಟ್ ಆರೆಂಜ್, ಅಂದರೆ ಕಾಡಿನ ಎಲೆ ಉದುರಿಸಲು ಅಮೆರಿಕ ಸಿಂಪಡಿಸಿದ ವಿಷದ ಕೋಣೆಯಲ್ಲಿ ಅಂಗವಿಕಲವಾಗಿ ಹುಟ್ಟಿದ ಮಕ್ಕಳ ದೊಡ್ಡ ದೊಡ್ಡ ಫೋಟೋಗಳಿವೆ, ಒಂಬತ್ತು ವರ್ಷದವಳಿಗೆ ಅದು ಖಂಡಿತ ಬೇಡ. ಅವಳನ್ನು ಅಂಗಳದ ವಿಮಾನಗಳ ಹತ್ತಿರ ನಿಲ್ಲಿಸಿಕೊಳ್ಳಿ, ಇಲ್ಲವೇ ಪಾಳಿ ಹಾಕಿಕೊಂಡು ಒಳಗೆ ಹೋಗಿ. ಅಂದ ಹಾಗೆ, ನೀವು ಬಂದಿಳಿಯುವ ದಾ ನಾಂಗ್ ವಿಮಾನ ನಿಲ್ದಾಣವೇ ಆ ವಿಷ ದಾಸ್ತಾನು ಮಾಡಿದ್ದ ಅಮೆರಿಕನ್ ನೆಲೆಯಾಗಿತ್ತು. 2012ರಿಂದ 2018ರವರೆಗೆ ಎರಡೂ ದೇಶ ಸೇರಿ ಅಲ್ಲಿನ ಮಣ್ಣು ಅಗೆದು, 300 ಡಿಗ್ರಿಗೂ ಮೇಲೆ ಕಾಯಿಸಿ ಅದರಲ್ಲಿದ್ದ ಡಯಾಕ್ಸಿನ್ ಎಂಬ ವಿಷಾಂಶ ತೆಗೆದವು.

ಹನೋಯಿಯ ಹೋವಾ ಲೋ ಜೈಲನ್ನು ಫ್ರೆಂಚರು ಕಟ್ಟಿದ್ದು 1896ರಲ್ಲಿ. ವಿಯೆಟ್ನಾಮಿ ಕೈದಿಗಳ ಸರಪಳಿ, ತಲೆ ಕಡಿಯುವ ಗಿಲೋಟಿನ್ ಎಲ್ಲ ಇರುವ ಭಾಗ ಮನಸ್ಸಿಗೆ ನಾಟುತ್ತೆ. ಮುಂದೆ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ಪೈಲಟ್‌ಗಳ ಕೋಣೆಗೆ ಬಂದರೆ ಅವರು ವಾಲಿಬಾಲ್ ಆಡುತ್ತಾ ಕ್ರಿಸ್‌ಮಸ್ ಆಚರಿಸುತ್ತಾ ಸುಖವಾಗಿದ್ದಂತೆ ಕಾಣುತ್ತೆ, ಚಿತ್ರಹಿಂಸೆಯ ಸುದ್ದಿಯೇ ಇಲ್ಲ. ಹುವೆಯಲ್ಲಿ 1968ರಲ್ಲಿ ಕಮ್ಯುನಿಸ್ಟ್ ಪಡೆಗಳು ನಾಗರಿಕರನ್ನು ಕೊಂದು ಸಾಮೂಹಿಕವಾಗಿ ಹೂತದ್ದೂ ಯಾವ ಸರ್ಕಾರಿ ಫಲಕದಲ್ಲೂ ಸಿಗುವುದಿಲ್ಲ. ಸೋತ ದಕ್ಷಿಣದ ಸೈನಿಕರಿಗೆ ಮ್ಯೂಸಿಯಂ ಇಲ್ಲ, 1975ರ ನಂತರ ಅವರನ್ನು ಕೂಡಿಹಾಕಿದ ‘ಮರುಶಿಕ್ಷಣ’ ಶಿಬಿರಗಳಿಗೂ ಇಲ್ಲ. ಗೆದ್ದವರು ಬರೆದ ಫಲಕ ಅಂತ ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಜನರ ಹತ್ತಿರ ಮಾತಾಡುವ ವಿಷಯವೂ ಇಲ್ಲಿಗೇ ಬರುತ್ತೆ. ಈಗಿನ ವಿಯೆಟ್ನಾಮಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯುದ್ಧ ಮುಗಿದ ಮೇಲೆ ಹುಟ್ಟಿದವರು. ಅಮೆರಿಕದ ಮೇಲೆ ಹಗೆ ನೀವು ಎಣಿಸಿದಷ್ಟು ಕಾಣುವುದಿಲ್ಲ. ಆದರೆ ದಕ್ಷಿಣದಲ್ಲಿ ಒಂದೇ ಮನೆಯ ಅಣ್ಣ ಆ ಕಡೆ, ತಮ್ಮ ಈ ಕಡೆ ಇದ್ದ ಕುಟುಂಬಗಳು ಧಾರಾಳ. ಟ್ಯಾಕ್ಸಿ ಹತ್ತಿದ ಕೂಡಲೇ ‘ನಿಮ್ಮಪ್ಪ ಯಾವ ಕಡೆ ಇದ್ದರು’ ಅಂತ ಕೇಳಬೇಡಿ. ಊರು ಯಾವುದು, ಅಜ್ಜಿ ಇದ್ದಾರಾ ಅಂತ ಕೇಳಿ, ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಅಪ್ಪ ಮಾತ್ರ ಧೈರ್ಯವಾಗಿ ಒಂದು ಕತೆ ಹೇಳಬಹುದು: ಕೋಲ್ಕತ್ತಾದಲ್ಲಿ ಅಮೆರಿಕನ್ ಕಾನ್ಸುಲೇಟ್ ಇರುವ ರಸ್ತೆಗೇ ಅಮೆರಿಕದ ವಿರುದ್ಧ ಹೋರಾಡಿದ ಉತ್ತರದ ನಾಯಕ ಹೋ ಚಿ ಮಿನ್ ಹೆಸರಿಟ್ಟಿದ್ದು. ನಾನು ಹೇಳಿದಲ್ಲೆಲ್ಲ ಜನ ಬಿದ್ದು ಬಿದ್ದು ನಕ್ಕಿದ್ದಾರೆ. ಹಳದಿ ಬಟ್ಟೆಯ ಮೇಲೆ ಮೂರು ಕೆಂಪು ಪಟ್ಟಿಯ ಹಳೇ ದಕ್ಷಿಣ ಧ್ವಜ ಇರುವ ಟೀಶರ್ಟ್, ಸ್ಟಿಕ್ಕರ್ ಏನನ್ನೂ ಇಟ್ಟುಕೊಳ್ಳಬೇಡಿ.

ಉಳಿದ ಸಣ್ಣಪುಟ್ಟ. ಏಪ್ರಿಲ್ ದೇಶದ ನಡುಭಾಗಕ್ಕೆ ಒಳ್ಳೆಯ ಕಾಲ, ಸೈಗಾನ್ ಮಾತ್ರ ಬೆಂದುಹೋಗುತ್ತೆ. ಏಪ್ರಿಲ್ 30 ಮತ್ತು ಮೇ 1 ರಜೆ, ಆ ವಾರ ರೈಲು, ಹೋಟೆಲ್ ಸಿಗುವುದು ಕಷ್ಟ, ಅದರೊಳಗೆ ವಾಪಸ್ ಬನ್ನಿ. ಹನೋಯಿಯ ಹೋ ಚಿ ಮಿನ್ ಸಮಾಧಿ ಬೆಳಿಗ್ಗೆ ಮಾತ್ರ, ಸೋಮವಾರ ಮತ್ತು ಶುಕ್ರವಾರ ಇಲ್ಲ, ಚಡ್ಡಿ, ತೋಳಿಲ್ಲದ ಅಂಗಿ ನಡೆಯುವುದಿಲ್ಲ. 2025ರ ಜುಲೈನಲ್ಲಿ ಪ್ರಾಂತ್ಯಗಳನ್ನು ಒಗ್ಗೂಡಿಸಿದ್ದರಿಂದ ಹೋಯ್ ಆನ್, ಮೀ ಸನ್ ಎರಡೂ ಈಗ ದಾ ನಾಂಗ್ ನಗರಕ್ಕೇ ಸೇರಿವೆ, ಮ್ಯಾಪಿನಲ್ಲಿ ವಿಳಾಸ ಬೇರೆ ತೋರಿಸಿದರೆ ಗಾಬರಿಯಾಗಬೇಡಿ. ಸಸ್ಯಾಹಾರಕ್ಕೆ ‘ಚಾಯ್’ ಅನ್ನಿ. ಮೀನಿನ ಸಾಸ್ ಎಲ್ಲದಕ್ಕೂ ಬೀಳುವ ದೇಶವಾದರೂ ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೇ ದಿನ ಅವರಲ್ಲೂ ಎಷ್ಟೋ ಜನ ಮಾಂಸ ಬಿಡುತ್ತಾರೆ, ಹುವೆಯಲ್ಲಂತೂ ಒಳ್ಳೆಯ ಚಾಯ್ ಹೋಟೆಲುಗಳಿಗೆ ಬರವಿಲ್ಲ.

ಕೊನೆಯದು, ಮಾರುಕಟ್ಟೆಯಲ್ಲಿ ಸೈನಿಕರ ಲೈಟರ್, ಹೆಸರಿನ ಬಿಲ್ಲೆ, ಗುಂಡಿನ ಕೀಚೈನ್ ಮಾರುತ್ತಾರೆ. ಮೊದಲೆರಡು ಬಹುತೇಕ ನಕಲಿ. ಮೂರನೆಯದು ಖಾಲಿ ಗುಂಡೇ ಆದರೂ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಗುಂಡೇ. ಅಲ್ಲಿ ಕಿತ್ತುಕೊಳ್ಳದೆ ಬಿಟ್ಟರೂ ಬೆಂಗಳೂರಿನಲ್ಲಿ ಇಳಿದ ಮೇಲೆ ಪೊಲೀಸರಿಗೆ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತೆ. ಮಗಳ ಬ್ಯಾಗನ್ನು ಹೊರಡುವ ಹಿಂದಿನ ರಾತ್ರಿ ಒಮ್ಮೆ ತೆಗೆದು ನೋಡಿಬಿಡಿ.